ಹಗ್ಗ ಹಿಡಿದಿದ್ದವನ ಜೊತೆ ಆಸ್ಟ್ರಿಯಕ್ಕೆ

ಮಂಗಳೂರು, ಹೊರಟ ದಿನ

ಜನ ವಿದೇಶಕ್ಕೆ ಹಿಮ ನೋಡಲು ಹೋಗುತ್ತಾರೆ, ಬಂದ ಮೇಲೆ ಅಲ್ಲಿನ ಕಕ್ಕಸು ಎಷ್ಟು ಸ್ವಚ್ಛ ಎಂದು ವರ್ಷಗಟ್ಟಲೆ ಹೇಳುತ್ತಾರೆ. ನಾನು ಹೋದದ್ದು ಒಬ್ಬ ಗಂಡಸಿನ ಬಾಯಿ ಬಿಡಿಸಲು. ಅವನ ಮನೆ ಇರುವುದು ಪಂಜದಲ್ಲಿ. ನರಿಮೊಗರಿನ ನನ್ನ ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಸಾಕು. ಆದರೆ ನನ್ನನ್ನು ದೂರದಲ್ಲಿ ಕಂಡರೂ ಪುತ್ತೂರು ಬಸ್‌ಸ್ಟ್ಯಾಂಡಿನ ಗಂಡಸರ ಮೂತ್ರಾಲಯಕ್ಕೆ ನುಗ್ಗಿ ಅಡಗುವವನನ್ನು ಮಾತಾಡಿಸುವುದು ಹೇಗೆ? ವಿಮಾನದ ಸೀಟಿಗೆ ಬೆಲ್ಟು ಬಿಗಿದು ಪಕ್ಕದಲ್ಲಿ ಕೂರಿಸಿಕೊಂಡರೆ ಎಲ್ಲಿಗೆ ಓಡುತ್ತಾನೆ ನೋಡೋಣ ಎಂದುಕೊಂಡೆ.

ಅವನ ಹೆಸರು ಶೇಸಪ್ಪ. ಅಗ್ನಿಶಾಮಕ ಠಾಣೆಯಲ್ಲಿ ಫಯರ್‌ಮನ್. ಯಾವ ಠಾಣೆ ಎಂದು ಬರೆಯುವುದಿಲ್ಲ, ಬರೆದರೆ ನಾಳೆ ನಾಲ್ಕು ಜನ ಮನೆಗೆ ಬಂದು ಸೋಫಾದಲ್ಲಿ ಕೂತು ನಿಟ್ಟುಸಿರು ಬಿಡುತ್ತಾರೆ. ನನ್ನ ಗಂಡ ಜನಾರ್ದನ ಅದೇ ಠಾಣೆಯಲ್ಲಿ ಅವನಿಗಿಂತ ಹಿರಿಯರು. ಮೂರು ವರ್ಷದ ಹಿಂದೆ ಕಡಬದ ಕಡೆ ಒಂದು ಹಿತ್ತಿಲಿನ ಬಾವಿಗೆ ಕರು ಬಿತ್ತು. ಇವರು ಎದೆಗೆ ಹಗ್ಗ ಕಟ್ಟಿಕೊಂಡು ಇಳಿದರು. ಕರು ಬದುಕಿತು, ಇವರು ಬದುಕಲಿಲ್ಲ. ಇವರ ಹಗ್ಗದ ಇನ್ನೊಂದು ತುದಿ ಹಿಡಿದು ಮೇಲೆ ನಿಂತಿದ್ದವನು ಶೇಸಪ್ಪ.

ನನಗೆ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ಕರ್ತವ್ಯದ ವೇಳೆ ನೀರಿನಲ್ಲಿ ಮುಳುಗಿ ಮರಣ. ಹಗ್ಗ ಕಟ್ಟಿದ್ದ ಮನುಷ್ಯ, ಅದೂ ಮೀನಿನ ಹಾಗೆ ಈಜುತ್ತಿದ್ದ ಮನುಷ್ಯ, ಮುಳುಗಿದ್ದು ಹೇಗೆ ಎಂದು ಕೇಳಿದೆ. ಕೇಳಿದವರೆಲ್ಲ ಹೇಳಿದ್ದು ಒಂದೇ. “ಬಿಡಿ ಟೀಚರ್, ಇನ್ನು ಅದನ್ನೆಲ್ಲ ಕೇಳಿ ಎಂತ ಮಾಡುದು?”

ಬದಲಿಗೆ ಸನ್ಮಾನ ಮಾಡಿದರು. ಒಂದಲ್ಲ, ಏಳು. ಒಂದೊಂದಕ್ಕೂ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಎಂತದೋ ಒಂದು ಬಂಗಾರ ಬಣ್ಣದ ವಸ್ತು. ಎರಡು ನಿಮಿಷದ ಮೌನವನ್ನು ನಲವತ್ತು ಸೆಕೆಂಡಿಗೆ ಮುಗಿಸಿ ಎಲ್ಲರೂ ಮೊಬೈಲು ತೆಗೆದರು. ಮುಖ್ಯ ಅತಿಥಿಯೊಬ್ಬರು ಭಾಷಣದುದ್ದಕ್ಕೂ ನನ್ನ ಗಂಡನನ್ನು ಜಗನ್ನಾಥ ಎಂದರು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ‘ಹುತಾತ್ಮ’ ಎಂದಿರಬೇಕಾದಲ್ಲಿ ‘ಹುತ್ತಾತ್ಮ’ ಎಂದಿತ್ತು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಗಂಡನನ್ನು ಹುತ್ತದೊಳಗಿನ ಆತ್ಮ ಮಾಡಿಟ್ಟವರ ಎದುರು ಕೈಮುಗಿದು ಕೂತಿದ್ದೆ.

ಆಸ್ಟ್ರಿಯಕ್ಕೆ ಕರೆಸಿದ್ದು ಸಿಸ್ಟರ್ ಸೆವ್ರಿನ್. ಪುತ್ತೂರಿನ ಕಡೆಯವರೇ, ಮೂವತ್ತು ವರ್ಷದಿಂದ ಅಲ್ಲಿನ ಒಂದು ಸಣ್ಣ ಊರಿನಲ್ಲಿ ಮುದುಕರ ಆರೈಕೆ ಮಾಡುವ ಕನ್ಯಾಸ್ತ್ರೀ. ಪತ್ರಿಕೆಯಲ್ಲಿ ನನ್ನ ಗಂಡನ ಸುದ್ದಿ ಓದಿ ಅಲ್ಲಿನ ಅಗ್ನಿಶಾಮಕ ದಳಕ್ಕೆ ಹೇಳಿದರಂತೆ. ಆ ದಳದವರು ಮೇ ತಿಂಗಳಲ್ಲಿ ಸತ್ತವರನ್ನು ನೆನೆಯುವ ದಿನಕ್ಕೆ ನನ್ನನ್ನೂ ಠಾಣೆಯ ಒಬ್ಬರನ್ನೂ ಕರೆದರು. ಆ ಒಬ್ಬರು ಯಾರಾಗಬೇಕೆಂದು ನಾನೇ ಹೇಳಿದೆ. ಗಂಡನ ಸ್ನೇಹಿತನ ಜೊತೆ ವಿಮಾನ ಹತ್ತುವ ವಿಧವೆ ಎಂದರೆ ನಮ್ಮ ಕಡೆ ಒಂದಿಡೀ ಬೇಸಿಗೆಗೆ ಸಾಕಾಗುವಷ್ಟು ಮಾತು. ಆಡಿಕೊಳ್ಳಲಿ, ರಜೆಯಲ್ಲಿ ಅವರಿಗೂ ಕೆಲಸ ಬೇಕಲ್ಲ.

ಶೇಸಪ್ಪನ ಹೆಂಡತಿ ಕಳಿಸಲು ಬಂದಿದ್ದಳು. ನನ್ನನ್ನು ಬದಿಗೆ ಕರೆದು, “ಟೀಚರ್, ಇವರಿಗೆ ನಿದ್ರೆ ಅಂತ ಇಲ್ಲ. ಬಾವಿಯಿಂದ ನೀರು ಸೇದ್ಲಿಕ್ಕೆ ಹೇಳಿದ್ರೆ ಹಗ್ಗ ಮುಟ್ಟುದಿಲ್ಲ” ಎಂದಳು. ನನಗೆ ಕರುಣೆ ಬರಲಿಲ್ಲ. ಅಷ್ಟಾದರೂ ಬೇಡವೇ ಎನಿಸಿತು.

ವಿಮಾನದಲ್ಲಿ ಬೆಲ್ಟು ಬಿಗಿದದ್ದೇ ತಡ, ಶೇಸಪ್ಪ ಕಂಬಳಿಯನ್ನು ತಲೆವರೆಗೆ ಎಳೆದು ಹೆಣದ ಹಾಗೆ ಮಲಗಿದ. ಕಂಬಳಿಯೊಳಗೆ ಕಣ್ಣು ಬಿಟ್ಟೇ ಇದ್ದ, ನನಗೆ ಗೊತ್ತಿತ್ತು. ವಿಯೆನ್ನಾ ಬರುವವರೆಗೂ ಹಾಗೇ ಇದ್ದ.

ಶುಕ್ರವಾರ, ದಳದ ಕಟ್ಟಡ

ಆ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳದವರು ಯಾರೂ ಇಲ್ಲ. ಬೇಕರಿಯವನು, ಮೇಷ್ಟ್ರು, ಹಾಲಿನ ಡೈರಿಯವನು, ಎಲ್ಲರೂ ಕರೆ ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವವರು. ಕಟ್ಟಡವೋ ನಮ್ಮ ಕಡೆಯ ಮದುವೆ ಹಾಲಿಗಿಂತ ಚೊಕ್ಕ. ಬೂಟುಗಳ ಸಾಲು, ಪ್ರತಿ ಜೋಡಿಯ ಮೇಲೆ ಮಡಚಿ ಇಳಿಸಿದ ಪ್ಯಾಂಟು. ಕಾಲು ತೂರಿಸಿ ಎಳೆದುಕೊಂಡರೆ ಆಯಿತು. ಇಪ್ಪತ್ತು ಗಂಡಸರು ನಿಂತಲ್ಲೇ ಕರಗಿಹೋಗಿ ಬಟ್ಟೆ ಮಾತ್ರ ಉಳಿದ ಹಾಗೆ ಕಾಣುತ್ತಿತ್ತು.

ಬಾಗಿಲಲ್ಲಿ ಒಬ್ಬ ಸಂತನ ಮೂರ್ತಿ. ಬೆಂಕಿ ಬಿದ್ದ ಮನೆಯ ಮೇಲೆ ಬಕೆಟಿನಿಂದ ನೀರು ಹೊಯ್ಯುತ್ತಿದ್ದಾನೆ. ಮನೆ ಅವನ ಮೊಣಕಾಲಷ್ಟು ಎತ್ತರ. ಶೇಸಪ್ಪ ಅದನ್ನು ಬಹಳ ಹೊತ್ತು ನೋಡಿ, “ಅಷ್ಟು ಸಣ್ಣ ಮನೆಯಾದ್ರೆ ನನಗೂ ಒಂದು ಬಕೆಟ್ ಸಾಕು” ಎಂದ. ಊರು ಬಿಟ್ಟ ಮೇಲೆ ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು.

ದಳದ ಮುಖ್ಯಸ್ಥ ಅಂಟೋನ್. ಆನೆಯಂಥ ಆಳು, ಪೊದೆಯಂಥ ಮೀಸೆ. ನನ್ನನ್ನು ಕಂಡೊಡನೆ ಅಪ್ಪಿಕೊಂಡು ಅತ್ತೇಬಿಟ್ಟ. ನನ್ನ ಗಂಡನನ್ನು ಅವನು ಕಂಡವನಲ್ಲ, ನನ್ನನ್ನು ಕಂಡು ಅರ್ಧ ನಿಮಿಷ ಆಗಿರಲಿಲ್ಲ. ಅವನ ಎದೆಯ ಗುಂಡಿಗಳು ನನ್ನ ಕೆನ್ನೆಗೆ ಒತ್ತುತ್ತಿದ್ದವು. ಶೇಸಪ್ಪನನ್ನೂ ಅಪ್ಪಿದ. ಶೇಸಪ್ಪ ಸಾಬೂನು ಕಂಡ ಬೆಕ್ಕಿನ ಹಾಗೆ ಸೆಟೆದು ನಿಂತ.

ಅಳುವವರಿಗೆ ಏನು ಕೊಡುವುದು ಎಂದು ತೋಚದೆ ಚೀಲದಿಂದ ಒಂದು ಶಾಲು ತೆಗೆದು ಅಂಟೋನನಿಗೆ ಹೊದೆಸಿದೆ. ಏಳರಲ್ಲಿ ಒಂದು. ಅವನು ಅದನ್ನು ಮಫ್ಲರಿನ ಹಾಗೆ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡು ಮೂರು ದಿನವೂ ತಿರುಗಿದ. ಆ ಶಾಲುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಶನಿವಾರ ಮಧ್ಯಾಹ್ನ

ಊಟಕ್ಕೆ ಕರೆದದ್ದು ಹೆರ್ತಾ ಎಂಬ ಹೆಂಗಸು. ಅವಳ ಗಂಡ ಇದೇ ದಳದವನು. ಹನ್ನೊಂದು ವರ್ಷದ ಹಿಂದೆ ಒಣಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಹತ್ತಿ ನಿಂತಿದ್ದ ಮಾಡು ಕುಸಿದು ಸತ್ತ. ಸಿಸ್ಟರ್ ಸೆವ್ರಿನ್ ನಮ್ಮ ನಡುವೆ ಕೂತು ಮಾತು ದಾಟಿಸುತ್ತಿದ್ದರು.

ಮೊದಲು ಬಂದದ್ದು ಸೂಪು. ತೆಳು ದೋಸೆಯನ್ನು ಶ್ಯಾವಿಗೆಯ ಹಾಗೆ ಕತ್ತರಿಸಿ ಸಾರಿನಲ್ಲಿ ಮುಳುಗಿಸಿದ್ದರು. ನೀರ್ದೋಸೆಗೆ ನಮ್ಮಲ್ಲಿ ಯಾರೂ ಇಂಥ ಶಿಕ್ಷೆ ಕೊಟ್ಟಿಲ್ಲ. ಎರಡನೆಯ ಚಮಚ ಬಾಯಿಗಿಡುವಷ್ಟರಲ್ಲಿ ಊರಿಡೀ ನಡುಗುವ ಹಾಗೆ ಸೈರನ್ ಕೂಗಿತು. ಶೇಸಪ್ಪನ ಚಮಚ ತಟ್ಟೆಗೆ ಬಿತ್ತು, ಕುರ್ಚಿ ಹಿಂದಕ್ಕೆ ಬಿತ್ತು, ಮನುಷ್ಯ ಬಾಗಿಲಾಚೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬರೀ ಸಾಕ್ಸಿನಲ್ಲಿ ದಳದ ಕಟ್ಟಡದ ಕಡೆ ಓಡುತ್ತಿದ್ದ, ಅಂಗಿಯ ಮೇಲೆ ಊಟದ ಕರವಸ್ತ್ರ ಹಾರುತ್ತಿತ್ತು. ದಾರಿಯಲ್ಲಿದ್ದವರು ಐಸ್‌ಕ್ರೀಮು ನೆಕ್ಕುತ್ತಾ ಅವನನ್ನೇ ನೋಡಿದರು.

“ಅಯ್ಯೋ ದೇವಾ, ಹೇಳ್ಲಿಕ್ಕೆ ಮರೆತೆ” ಎಂದರು ಸಿಸ್ಟರ್. “ಇಲ್ಲಿ ಪ್ರತಿ ಶನಿವಾರ ಹನ್ನೆರಡಕ್ಕೆ ಸೈರನ್ ಸರಿ ಉಂಟಾ ಅಂತ ನೋಡುದು ಮಾರಾಯ್ರೆ. ಬೆಂಕಿಯೂ ಇಲ್ಲ, ಎಂತದೂ ಇಲ್ಲ.”

ಹೆರ್ತಾ ನಗಲಿಲ್ಲ. ಎದ್ದುಹೋಗಿ ಬಾಗಿಲಲ್ಲಿದ್ದ ಅವನ ಶೂಗಳನ್ನು ಎತ್ತಿಕೊಂಡು ಬೀದಿಗಿಳಿದಳು. ಇಬ್ಬರೂ ವಾಪಸು ಬರುವಾಗ ಸೂಪು ತಣ್ಣಗಾಗಿತ್ತು. ಅದರಿಂದ ರುಚಿಯೇನೂ ಕೆಡಲಿಲ್ಲ.

ಊಟವಾದ ಮೇಲೆ ಹೆರ್ತಾ ಹಿಂದಿನ ಅಂಗಳ ತೋರಿಸಿದಳು. ಗೋಡೆಯುದ್ದಕ್ಕೂ ಸೌದೆ, ಒಂದೇ ಅಳತೆಗೆ ಸೀಳಿ ಜೋಡಿಸಿದ್ದು. ನಾಲ್ಕು ಚಳಿಗಾಲಕ್ಕೆ ಸಾಕು. ದಳದವರು ಸರದಿಯ ಮೇಲೆ ಬಂದು ಸೀಳಿ ಹೋಗುತ್ತಾರಂತೆ. ಹುಲ್ಲು ಕತ್ತರಿಸುವುದೂ ಅವರೇ, ಮಾಡಿನ ಹಂಚು ಬದಲಾಯಿಸುವುದೂ ಅವರೇ. ನನಗೆ ಹೊಟ್ಟೆ ಉರಿಯಿತು. ನಮ್ಮ ಠಾಣೆಯವರು ಉತ್ತರಕ್ರಿಯೆಯ ಬೊಜ್ಜದ ದಿನ ಚಪ್ಪರ ಹಾಕಿದರು, ಬಾಳೆಲೆ ಹಾಸಿ ಊರಿಗೆಲ್ಲ ಬಡಿಸಿದರು, ಪಾತ್ರೆ ತೊಳೆದಿಟ್ಟರು. ಅಷ್ಟೂ ಮಾಡಿ ಆಮೇಲೆ ಒಬ್ಬನೂ ಮೆಟ್ಟಿಲು ಹತ್ತಲಿಲ್ಲ. ಅದನ್ನೇ ಸಿಸ್ಟರ್ ಮೂಲಕ ಹೇಳಿದೆ. ನೀನು ಪುಣ್ಯವಂತೆ ಎಂದೂ ಸೇರಿಸಿದೆ.

ಹೆರ್ತಾ ಸೌದೆಯ ರಾಶಿಗೆ ಕಾಲಿನಿಂದ ಒದ್ದಳು. ಸಿಸ್ಟರ್ ಹಿಂಜರಿಯುತ್ತಾ ಕನ್ನಡ ಮಾಡಿದರು. “ಅವಳ ಮನೆಯಲ್ಲಿ ಸೌದೆ ಒಲೆಯೇ ಇಲ್ಲವಂತೆ. ತೆಗೆಸಿ ಆರು ವರ್ಷ ಆಯ್ತಂತೆ. ಇವರು ಒಳಗೆ ಬಂದಿದ್ರೆ ಗೊತ್ತಾಗ್ತಿತ್ತು ಅಂತ ಹೇಳ್ತಾಳೆ.”

ನಾನು ಆ ಹೆಂಗಸಿನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗಂಡಸರು ಪ್ರಪಂಚದ ಎಲ್ಲಾ ಕಡೆ ಒಂದೇ ಜಾತಿ. ನಮ್ಮವರು ಓಡಿಹೋಗುತ್ತಾರೆ, ಇವರದ್ದು ಕೊಡಲಿ ಹಿಡಿದು ಹಿತ್ತಿಲಿನಲ್ಲೇ ಓಡಿಹೋಗುವ ಕ್ರಮ.

ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಚರ್ಚಿನಲ್ಲಿ ಪೂಜೆ, ಹನ್ನೊಂದಕ್ಕೆ ಸ್ಮಶಾನದಲ್ಲಿ ಬ್ಯಾಂಡು. ಕಪ್ಪು ರಿಬ್ಬನ್ ಕಟ್ಟಿದ ಬಾವುಟವನ್ನು ನೆಲ ಮುಟ್ಟುವಷ್ಟು ಬಾಗಿಸಿದರು. ಅಂಟೋನ್ ಕನ್ನಡಕ ಹಾಕಿಕೊಂಡು, ಕುತ್ತಿಗೆಯಲ್ಲಿ ನನ್ನ ಶಾಲು ಸಮೇತ, ಸತ್ತವರ ಹೆಸರು ಓದಿದ. ಕೊನೆಯಲ್ಲಿ “ಯನಾರ್ದನ” ಎಂದ. ಅವರ ಭಾಷೆಯಲ್ಲಿ ‘ಜ’ ಬಾಯಿಗೆ ಬರುವಾಗ ‘ಯ’ ಆಗುತ್ತದಂತೆ. ಕೆಂಪು ಶಾಯಿಯಲ್ಲಿ ತಿದ್ದಬೇಕೆಂದು ಕೈ ಹೋಗುವುದು ನನ್ನ ಚಾಳಿ. ಆದರೆ ಆ ಮನುಷ್ಯ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅಲ್ಲಿ ನಾನು ಅತ್ತೆ. ಏಳು ಸನ್ಮಾನದಲ್ಲಿ ಒಂದು ಹನಿ ಬಾರದಿದ್ದದ್ದು ಒಟ್ಟಿಗೆ ಬಂತು.

ಅತ್ತು ಮುಗಿಸುವಷ್ಟರಲ್ಲಿ ಎಲ್ಲರ ಕೈಯಲ್ಲಿ ಬಿಯರು. ಸ್ಮಶಾನದಿಂದ ಕಟ್ಟಡಕ್ಕೆ ನೂರು ಹೆಜ್ಜೆ, ಅಷ್ಟರಲ್ಲೇ ದುಃಖ ಬಾಯಾರಿಕೆಯಾಗಿತ್ತು.

ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಇನ್ನೊಂದು ಕಾರ್ಯಕ್ರಮ. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಇಟ್ಟಿದ್ದರು. ನಡುವೆ ಒಂದು ಮೇಣದ ಬತ್ತಿ, ಮೂಗು ಒರೆಸಲು ಕಾಗದದ ಡಬ್ಬಿ. ಕೆಟ್ಟ ಸಾವು ಕಂಡವರು ಇಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಂತೆ. ನಡೆಸಿಕೊಡಲು ಡಾಕ್ಟರೂ ಇಲ್ಲ, ಪಾದ್ರಿಯೂ ಇಲ್ಲ. ದಳದವರೇ ತರಬೇತಿ ಪಡೆದು ಮಾಡುತ್ತಾರೆ. ಅಂಟೋನ್ ಹೆರ್ತಾಳ ಗಂಡನ ಕಥೆ ಹೇಳಿದ. ಮಾಡಿನ ಮೇಲೆ ಅವನಿಗಿಂತ ಎರಡು ಹೆಜ್ಜೆ ಹಿಂದೆ ಇದ್ದವನು ಇವನೇ. ಹನ್ನೊಂದು ವರ್ಷದಿಂದ ಇದೇ ಕಥೆ, ಇದೇ ಜಾಗಕ್ಕೆ ಬಂದಾಗ ಅಳು ಎಂದು ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದರು. ಹೆರ್ತಾ ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನು ಮೇಣದ ಬತ್ತಿಗೆ ಹೇಳುತ್ತಿದ್ದ.

ಮೂಗು ಒರೆಸಿಕೊಂಡ ಅಂಟೋನ್ ಶೇಸಪ್ಪನ ಕಡೆ ತಿರುಗಿದ. ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದ.

ಸಿಸ್ಟರ್ ಕನ್ನಡ ಮಾಡಿದರು. “ನೀವು ಇನ್ನೂ ಆ ಹಗ್ಗ ಹಿಡ್ಕೊಂಡೇ ಇದ್ದೀರಿ ಅಂತ ಹೇಳ್ತಾರೆ. ಅದನ್ನು ಬಿಡ್ಬೇಕಂತೆ. ಬಿಡಿ ಅಂತ ಹೇಳ್ತಾರೆ. ಬಿಡಿ.”

ಶೇಸಪ್ಪ ಎದ್ದು ನಿಂತ. ಕುರ್ಚಿ, ಮೇಣದ ಬತ್ತಿ ಎರಡನ್ನೂ ಎಡವಿ ಮೆಟ್ಟಿಲು ಇಳಿದು ಹೋದ. ಈ ಸಲ ಯಾವ ಮೂತ್ರಾಲಯಕ್ಕೂ ಹೋಗಲು ಬಿಡುವುದಿಲ್ಲ ಎಂದು ನಾನೂ ಹಿಂದೆಯೇ ಇಳಿದೆ.

ಕಟ್ಟಡದ ಹಿಂದೆ ಒಂದು ಎತ್ತರದ ಗೋಪುರ, ಒದ್ದೆ ಪೈಪುಗಳನ್ನು ಉದ್ದಕ್ಕೆ ಇಳಿಬಿಟ್ಟು ಒಣಗಿಸುವ ಜಾಗ. ಶೇಸಪ್ಪ ಅದರ ಕೆಳಗೆ ಕೂತಿದ್ದ. ನಾನು ಎದುರು ನಿಂತೆ.

“ಹೇಳು” ಎಂದೆ. “ಇಲ್ಲಿ ಓಡ್ಲಿಕ್ಕೆ ನಿನಗೆ ದಾರಿ ಗೊತ್ತಿಲ್ಲ.”

ಅವನು ನೆಲ ನೋಡಿಕೊಂಡೇ ಹೇಳಿದ.

“ಕರುವಿನ ಹಗ್ಗ ಆ ಊರಿನವರ ಕೈಲಿತ್ತು ಟೀಚರ್. ಹತ್ತು ಹನ್ನೆರಡು ಜನ. ಜನ್ನಣ್ಣನ ಹಗ್ಗ ನನ್ನ ಕೈಲಿ. ನಾನು ಹಿಂದೆ ಮಾವಿನ ಮರಕ್ಕೆ ಒಂದು ಸುತ್ತು ಹಾಕಿ ಹಿಡ್ಕೊಂಡಿದ್ದೆ. ಅಲ್ಲಿಂದ ಬಾವಿಯ ಒಳಗೆ ಕಾಣುದಿಲ್ಲ. ಕರು ಅರ್ಧ ಮೇಲೆ ಬರುವಾಗ ಕಾಲು ಬಡಿಯಿತು. ಅದರ ಹಗ್ಗ ಜನ್ನಣ್ಣನ ಕಾಲಿಗೆ ಸುತ್ತಿತಂತೆ. ಅದು ನನಗೆ ಮತ್ತೆ ಗೊತ್ತಾದದ್ದು. ಜನ್ನಣ್ಣ ಕೆಳಗಿಂದ ಬೊಬ್ಬೆ ಹೊಡೆದ್ರು, ‘ಬಿಡಿ, ಬಿಡಿ’ ಅಂತ.”

“ಮತ್ತೆ?”

“ನಾನು ಬಿಟ್ಟೆ. ಕೆಳಗೆ ಹಗ್ಗ ಸಾಕಾಗುದಿಲ್ಲ ಅಂತ ಗ್ರಹಿಸಿ ಎರಡು ಮಾರು ಬಿಟ್ಟೆ. ಊರಿನವರು ಬಿಡ್ಲಿಲ್ಲ, ಎಳೆದ್ರು. ಕಾಲು ಮೇಲೆ ಹೋಯ್ತು, ತಲೆ ನೀರಿಗೆ ಹೋಯ್ತು. ನಾನು ಬಿಗಿ ಹಿಡಿದಿದ್ರೆ ತಲೆ ಮೇಲೆ ಇರ್ತಿತ್ತು.” ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. “ಬಿಡಿ ಅಂದದ್ದು ನನಗಾ, ಊರಿನವರಿಗಾ? ಮೂರು ವರ್ಷದಿಂದ ನನಗೆ ಅದೊಂದೇ. ನಿಮಗೆ ಅವರ ಮಾತು ಗೊತ್ತುಂಟಲ್ಲ ಟೀಚರ್. ನನಗೆ ಹೇಳಿದ್ದಾ?”

ಅವನು ಕೇಳಿ ಮುಗಿಸುವ ಮೊದಲೇ ನನಗೆ ಉತ್ತರ ಸಿಕ್ಕಿತ್ತು. ಏಕವಚನ ಬಹುವಚನ ತಿದ್ದಿ ತಿದ್ದಿ ಸವೆದ ಜೀವ ಇದು. ನನ್ನ ಗಂಡ ಶೇಸಪ್ಪನಿಗೆ ಆಡುತ್ತಿದ್ದ ಮಾತು ನನಗೆ ಗೊತ್ತಿಲ್ಲವೇ? ಬಾ ಮಾರಾಯ, ಹಿಡಿ ಮಾರಾಯ, ಬಿಡು ಮಾರಾಯ. ತಮ್ಮನಿಗೆ ಆಡುವ ಹಾಗೆ. ‘ಬಿಡಿ’ ಎನ್ನುವುದು ಗುರುತಿಲ್ಲದವರಿಗೆ, ಹತ್ತು ಹನ್ನೆರಡು ಜನಕ್ಕೆ, ಕರುವಿನ ಹಗ್ಗ ಹಿಡಿದು ಎಳೆಯುತ್ತಿದ್ದ ಆ ಊರಿನವರಿಗೆ. ಹಗ್ಗ ಬಿಡು ಎಂದು ನನ್ನ ಗಂಡ ಇವನಿಗೆ ಹೇಳಿಯೇ ಇರಲಿಲ್ಲ. ಇವನು ತಾನಾಗಿ ಬಿಟ್ಟ. ಒಂದು ಇಕಾರಕ್ಕೆ ಕಿವಿಗೊಟ್ಟಿದ್ದರೆ ನನ್ನ ಗಂಡ ಬದುಕಿರುತ್ತಿದ್ದರು.

ಮೂರು ವರ್ಷ ನಾನು ಕಾದದ್ದು ಇದಕ್ಕೇ. ನಾಲಗೆ ತುದಿಯಲ್ಲಿತ್ತು. ಹೇಳಿದರೆ ಈ ಮನುಷ್ಯ ಊರಿಗೆ ಹೋಗಿ ಎಂತ ಮಾಡಿಕೊಳ್ಳುತ್ತಾನೆ ಎಂದೂ ಗೊತ್ತಾಯಿತು. ಅವನ ಎರಡೂ ಅಂಗೈ ಮೇಲಕ್ಕೆ ತೆರೆದು ತೊಡೆಯ ಮೇಲೆ ಬಿದ್ದುಕೊಂಡಿದ್ದವು.

“ನಿನಗೇ ಹೇಳಿದ್ದು” ಎಂದೆ. “ಡ್ಯೂಟಿಯಲ್ಲಿ ಅವರು ಎಲ್ಲರಿಗೂ ಬಹುವಚನವೇ ಹಾಕುದು. ಅದು ಅವರ ಕ್ರಮ. ಅವರು ಹೇಳಿದ್ರು, ನೀನು ಮಾಡಿದೆ.”

ಅವನು ಬಾಯಿ ತೆರೆದ, ಏನೋ ಹೇಳಹೊರಟು ಮುಚ್ಚಿದ. ಆಮೇಲೆ ಅತ್ತ. ಅಂಟೋನನ ಹಾಗೆ ಚೆಂದವಾಗಿ ಅಲ್ಲ, ಮೂಗು ಸುರಿಸಿಕೊಂಡು, ಕೆಟ್ಟದಾಗಿ. ನಾನು ಅಪ್ಪಿಕೊಳ್ಳಲಿಲ್ಲ. ಸೆರಗಿನ ತುದಿ ಕೊಟ್ಟೆ.

ಮಂಗಳೂರು, ವಾಪಸು

ಬರುವಾಗ ಶೇಸಪ್ಪ ವಿಯೆನ್ನಾದಿಂದಲೇ ಗೊರಕೆ ಹೊಡೆದ. ಗಗನಸಖಿ ಮೂರು ಸಲ ಊಟ ತಂದು ಮೂರು ಸಲ ವಾಪಸು ಒಯ್ದಳು. ನನಗೆ ನಿದ್ರೆ ಬರಲಿಲ್ಲ. ಅವನ ಪಾಲಿನ ‘ಬಿಡಿ’ಯೂ ಸೇರಿ ಈಗ ನನ್ನ ತಲೆಯಲ್ಲಿ ಕೂತಿತ್ತು, ಸಿಟ್ಟು ಬರುತ್ತಿತ್ತು.

ಮಂಗಳೂರಿನಲ್ಲಿ ಇಳಿದು ಸಾಮಾನಿಗೆ ಕಾಯುತ್ತಾ ನಿಂತಿದ್ದೆವು. ಅವನು ನನ್ನ ಕಡೆ ನೋಡದೆ ಹೇಳಿದ.

“ಟೀಚರ್, ಜನ್ನಣ್ಣ ನನಗೆ ಒಂದು ದಿನವೂ ಬಹುವಚನ ಹಾಕಿದವರಲ್ಲ. ಡ್ಯೂಟಿಯಲ್ಲಿಯೂ ಇಲ್ಲ.”

ಎರಡು ಪೆಟ್ಟಿಗೆಗಳು ನಮ್ಮ ಎದುರಿನಿಂದ ಹಾದು ಹೋದವು. ಯಾರದ್ದೋ.

“ಗೊತ್ತಿದ್ದೂ ಅಷ್ಟು ಗೊರಕೆ ಹೊಡೆದದ್ದು ಎಂತಕ್ಕೆ?” ಎಂದೆ.

“ನೀವು ಹೇಳಿದ್ರಲ್ಲ, ಅದಕ್ಕೆ. ಸುಳ್ಳೂಂತ ಗೊತ್ತಿದ್ದೇ ಹೇಳಿದ್ರಲ್ಲ.”

“ನಾನು ನಿನ್ನನ್ನು ಕ್ಷಮಿಸಿಲ್ಲ ಶೇಸಪ್ಪ.”

“ಬೇಡ ಟೀಚರ್.”

ನನ್ನ ಪೆಟ್ಟಿಗೆ ಬಂತು. ಅವನು ಎತ್ತಿ ಕೆಳಗಿಟ್ಟ. ಅವನನ್ನು ಹೀಗೇ ಪಂಜದ ಬಸ್ಸು ಹತ್ತಿಸಿದರೆ ಇನ್ನು ಮೂರು ವರ್ಷ ಕಾಣುವುದಿಲ್ಲ ಎಂದು ನನಗೆ ಭಯವಾಯಿತು. ಇವನನ್ನು ಬಿಟ್ಟರೆ ನನ್ನ ಗಂಡನ ಕೊನೆಯ ದಿನ ಕಂಡು ಹೇಳುವವರು ನನಗೆ ಬೇರೆ ಯಾರಿದ್ದಾರೆ?

“ಬರುವ ಭಾನುವಾರ ಊಟಕ್ಕೆ ಬಾ” ಎಂದೆ. “ಹೆಂಡತಿಯನ್ನೂ ಕರ್ಕೊಂಡು ಬಾ. ಆ ದಿನ ಕರೆ ಬಂದಾಗ ಅವರು ಎಂತ ಮಾಡ್ತಿದ್ರು, ಗಾಡಿಯಲ್ಲಿ ಎಂತ ಮಾತಾಡಿದ್ರು, ಬಾವಿಗೆ ಇಳಿಯುವಾಗ ಎಂತ ಹೇಳಿದ್ರು, ಎಲ್ಲ ನನಗೆ ಬೇಕು.”

“ಇಳಿಯುವಾಗ ಕರುವಿಗೆ ಬೈದ್ರು ಟೀಚರ್. ಎಂತೆಂತ ಬೈದ್ರು ಅಂತ ನಿಮ್ಮ ಎದುರು ಹೇಳ್ಲಿಕ್ಕಾಗುದಿಲ್ಲ.”

“ಅದನ್ನೇ ಮೊದಲು ಹೇಳು” ಎಂದೆ. “ಒಂದಕ್ಷರ ಬಿಡದೆ ಹೇಳು.”